ಮೂರನೆಯ ಜ್ಞಾನಿಯ ಹುದ್ದೆ

ಬೈಬಲಿನಲ್ಲಿ ಆಧಾರವಿಲ್ಲದ ಕಾರಣ, ಕ್ರಿಸ್‌ಮಸ್ ನಾಟಕದ ಮೂರನೆಯ ಜ್ಞಾನಿಯ ಹುದ್ದೆಯನ್ನು ತಕ್ಷಣದಿಂದ ಜಾರಿಗೆ ಬರುವಂತೆ ರದ್ದುಪಡಿಸಲಾಯಿತು. ಚರ್ಚಿನ ಬಾಗಿಲಿಗೆ ಅಂಟಿಸಿದ್ದ ಈ ಪ್ರಕಟಣೆಯನ್ನು ಟೈಲರ್ ಎರಡು ಸಲ ಓದಿದ. ಮಗು ಯೇಸುವಿಗೆ ಕಾಣಿಕೆ ತರುವ ಮೂವರು ಜ್ಞಾನಿಗಳಲ್ಲಿ ಕೊನೆಯವನಾಗಿ ಇಪ್ಪತ್ತೆರಡು ವರ್ಷಗಳಿಂದ ಆ ಹುದ್ದೆಯಲ್ಲಿದ್ದವನು ಅವನೇ.

ರದ್ದುಪಡಿಸಿದ್ದು ಆಚಾರ ಪರಿಶೀಲನಾ ಉಪಸಮಿತಿ. ಚರ್ಚಿನ ಪ್ರತಿಯೊಂದು ಪದ್ಧತಿಯನ್ನೂ ಬೈಬಲಿನ ಬೆಳಕಿನಲ್ಲಿ ನೋಡುವುದು ಅದರ ಕೆಲಸ. ಮೊದಲ ಹತ್ತು ಸಭೆಗಳು ಬೈಬಲ್ ತೆರೆಯದೆಯೇ ಸುಸೂತ್ರವಾಗಿ ನಡೆದಿದ್ದವು. ಹನ್ನೊಂದನೆಯದರಲ್ಲಿ ಯಾರೋ ತೆರೆದುಬಿಟ್ಟರು.

ವರ್ಷವಿಡೀ ಬಗ್ಗಿ ಪರರ ಸೊಂಟದ ಅಳತೆ ತೆಗೆಯುವ ಟೈಲರನನ್ನು ಜನ ತಲೆಯೆತ್ತಿ ನೋಡುತ್ತಿದ್ದುದು ಆ ಒಂದು ಸಂಜೆ ಮಾತ್ರ. ಈಗ ಅದೂ ಹೋಯಿತು. "ಸುಮ್ನೆ ಕೂತ್ರೆ ಆಗುತ್ತಾ? ಹೋಗಿ ಕೇಳಿ," ಎಂದು ಹೆಂಡತಿ ಅವನನ್ನು ಉಪಸಮಿತಿಯ ಅಧ್ಯಕ್ಷರಾದ ನಿವೃತ್ತ ಹೆಡ್‌ಮೇಷ್ಟ್ರ ಮನೆಗೆ ಅಟ್ಟಿದಳು.

"ನಾನೇನು ತಪ್ಪು ಮಾಡ್ದೆ ಮೇಷ್ಟ್ರೇ?"

"ನಿಂದೇನೂ ತಪ್ಪಿಲ್ಲಪ್ಪ. ಕಾಣಿಕೆ ಮೂರು ಅಂತ ಇದೆ. ತಂದೋರು ಎಷ್ಟು ಜನ ಅಂತ ಎಲ್ಲೂ ಇಲ್ಲ."

"ಇಬ್ಬರು ಅಂತ ಇದೆಯಾ?"

"ಇಲ್ಲ."

"ಹಾಗಿದ್ರೆ ಹತ್ತು ಜನಾನೂ ಇದ್ದಿರಬಹುದಲ್ಲ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ವಾರದೊಳಗೆ ಎರಡನೆಯ ಪ್ರಕಟಣೆ ಬಂತು: "ಜ್ಞಾನಿಗಳ ಸಂಖ್ಯೆಯನ್ನು ಬೈಬಲ್ ನಿಗದಿಪಡಿಸದಿರುವುದರಿಂದ ಯಾರು ಬೇಕಾದರೂ ಅರ್ಜಿ ಸಲ್ಲಿಸಬಹುದು. ತಾನು ಜ್ಞಾನಿ ಎಂಬುದಕ್ಕೆ ಅರ್ಜಿದಾರರ ಸ್ವಂತ ದೃಢೀಕರಣವೇ ಸಾಕು."

ನೂರ ನಲವತ್ತೆರಡು ಮಂದಿ ದೃಢೀಕರಿಸಿದರು. ಕುರಿ ಕಾಯುವವರ ಪಾತ್ರಕ್ಕೆ ಮಾತ್ರ ಒಂದು ನರಪಿಳ್ಳೆಯೂ ಬರಲಿಲ್ಲ.

ಅಷ್ಟೂ ಜನರಿಗೆ ನಿಲುವಂಗಿ ಹೊಲಿಯಬೇಕಾದವನು ಟೈಲರೇ. ಹೊಲಿದು ಹೊಲಿದು ಸೊಂಟ ಬಿದ್ದುಹೋಯಿತು. ತನ್ನದೊಂದು ಅರ್ಜಿ ಬರೆಯಲು ಪುರುಸೊತ್ತಾಗದೆ ಕೊನೆಯ ದಿನಾಂಕ ದಾಟಿತು.

"ಗಡುವು ಅಂದ್ರೆ ಗಡುವು," ಎಂದರು ಮೇಷ್ಟ್ರು, ತಮ್ಮ ಹೊಸ ನಿಲುವಂಗಿಯ ತೋಳು ಎಳೆದು ನೋಡುತ್ತ. "ಕುರಿ ಕಾಯೋ ಜಾಗ ಖಾಲಿ ಇದೆ. ಕಂಬಳಿ ನೀನೇ ತರಬೇಕು."

ಟೈಲರ್ ಮುಖ ಸಪ್ಪಗೆ ಮಾಡಿಕೊಂಡು ಕಂಬಳಿ ಹೊದ್ದು ಬಂದ. ನಾಟಕದ ದಿನ ಬೆಳಿಗ್ಗೆ ಉಪಸಮಿತಿ ಬೈಬಲನ್ನು ಇನ್ನೊಂದಿಷ್ಟು ಓದಿತ್ತು. ಪರದೆ ಸರಿಯುವ ಮುನ್ನ ಪಾಸ್ಟರ್ ತುರ್ತು ನಿರ್ಣಯವನ್ನು ಗಂಭೀರವಾಗಿ ಓದಿದರು: "ಮಗು ಹುಟ್ಟಿದಂದು ದನದ ಕೊಟ್ಟಿಗೆಯ ಗೋದಲಿಗೆ ಬಂದವರು ಕುರಿ ಕಾಯುವವರು. ಜ್ಞಾನಿಗಳು ಬಂದದ್ದು ಆಮೇಲೆ, ಅದೂ ಮನೆಗೆ. ಆದುದರಿಂದ ಸಕಲ ಜ್ಞಾನಿಗಳು ಹೊರಗೆ ಕಾಯತಕ್ಕದ್ದು."

ನೂರ ನಲವತ್ತೆರಡು ನಿಲುವಂಗಿಗಳು ಶಿಸ್ತಾಗಿ ಅಂಗಳಕ್ಕೆ ನಡೆದವು. ಒಳಗೆ ವೇದಿಕೆಯ ಮೇಲೆ ಉಳಿದವರು ಮರಿಯ, ಯೋಸೇಫ, ಗೋದಲಿಯಲ್ಲಿ ಮಲಗಿದ್ದ ಮಗು ಮತ್ತು ಟೈಲರ್. ಇಷ್ಟು ವರ್ಷ ಸಾಲಿನ ಕೊನೆಯಲ್ಲಿ ನಿಂತು ಮಗುವಿನ ಮುಖವನ್ನೇ ಕಂಡಿರದ ಅವನು ಮೊಣಕಾಲೂರಿ ಹತ್ತಿರದಿಂದ ನೋಡಿದ. ಮಗು ಯೇಸುವಿನ ಪಾತ್ರದಲ್ಲಿದ್ದ ಬೇಕರಿಯವನ ಕೂಸು ಅವನ ಕಿರುಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಬೆರಳು ಬಿಡಿಸಿಕೊಳ್ಳದೆ ಅವನು ಹಾಗೆಯೇ ಕೂತ.

ಮೇಷ್ಟ್ರು ಕಿಟಕಿಯಿಂದ ಇಣುಕಿದರು. "ನಾವು ಯಾವಾಗ ಬರಬಹುದಪ್ಪಾ?"

"ಎಷ್ಟು ದಿನ ಬಿಟ್ಟು ಬಂದ್ರು ಅಂತ ಬರೆದಿಲ್ಲ ಮೇಷ್ಟ್ರೇ."

ಮೇಷ್ಟ್ರು ಸರಿಯೆಂದು ತಲೆಯಾಡಿಸಿ, ಅಂಗಳಕ್ಕೆ ಬೆಂಚು ತರಿಸುವ ಬಗ್ಗೆ ಹೊಸ ಉಪಸಮಿತಿಯೊಂದನ್ನು ನೇಮಿಸಿದರು. ಜ್ಞಾನಿಗಳು ಸರ್ವಾನುಮತದಿಂದ ಒಪ್ಪಿಕೊಂಡರು.