ಅಜ್ಜಿಯ ಕರಿಮಣಿ, ಟಿ.ವಿ.ಯ ಕಪ್ಪು

ಕಪ್ಪು ಎಂದರೆ ಕಪ್ಪು, ಅದರಲ್ಲಿ ಚರ್ಚೆಗೇನಿದೆ ಎಂದು ನೀವು ಕೇಳಬಹುದು. ಮದುವೆ ವಿಡಿಯೋ ತೆಗೆದು ಎಡಿಟ್ ಮಾಡುವ ಕೆಲಸಕ್ಕೆ ಇಳಿಯುವ ತನಕ ನಾನೂ ಹಾಗೆಯೇ ನಂಬಿಕೊಂಡು ಸುಖವಾಗಿದ್ದೆ. ಬದಿಯಡ್ಕದಲ್ಲಿ ಅಡಿಕೆ ಅಂಗಡಿಯ ಮಾಳಿಗೆಯ ಮೇಲೆ ನನ್ನ ಕೋಣೆ. ಅಲ್ಲಿರುವ ಕಂಪ್ಯೂಟರಿಗೆ ಸೊನ್ನೆ ಎಂದರೆ ಕಪ್ಪು, ಇನ್ನೂರ ಐವತ್ತೈದು ಎಂದರೆ ಬಿಳಿ. ಟಿ.ವಿ.ಗೆ ಹದಿನಾರಕ್ಕೇ ಕಪ್ಪು, ಇನ್ನೂರ ಮೂವತ್ತೈದಕ್ಕೇ ಬಿಳಿ. ಯಾವ ಪುಣ್ಯಾತ್ಮ ಹೀಗೆ ಪಾಲು ಮಾಡಿಕೊಟ್ಟನೋ ಗೊತ್ತಿಲ್ಲ. ಇಬ್ಬರ ಲೆಕ್ಕ ಕೂಡಿ ಬಂದರೆ ಚಿತ್ರ ಸುಂದರ. ಬಾರದಿದ್ದರೆ ಕಪ್ಪೆಲ್ಲ ಬೂದಿಯಾಗುತ್ತದೆ, ಇಲ್ಲವೇ ತುಸು ಮಬ್ಬಾಗಿದ್ದದ್ದೆಲ್ಲ ಮಸಿಯ ಮುದ್ದೆಯಾಗುತ್ತದೆ. ಇದನ್ನು ಗಿರಾಕಿಗಳಿಗೆ ವಿವರಿಸಲು ಹೊರಟರೆ ಅವರು ಕನಿಕರದಿಂದ "ಚಾ ಕುಡೀರಿ" ಎನ್ನುತ್ತಾರೆ.

ಕಾರಡ್ಕದ ಶಾರದಕ್ಕನ ಮಗಳ ಮದುವೆಯ ವಿಡಿಯೋ ಕೊಡಲು ಹೋದದ್ದೂ ಚಾ ಕುಡಿದು ಬರುವ ಧೈರ್ಯದಲ್ಲೇ. ನಮ್ಮ ಕಡೆ ವಿಡಿಯೋ ಕೊಟ್ಟು ಓಡಿ ಬರುವಂತಿಲ್ಲ, ಮನೆಯವರ ಜೊತೆ ಕುಳಿತು ನೋಡಬೇಕು. ಅಂದು ಮುಖ್ಯ ಪ್ರೇಕ್ಷಕಿ ಶಾರದಕ್ಕನ ಅಮ್ಮ. ಮದುವೆಗೆ ಸ್ವಲ್ಪ ಮೊದಲು ಬಿದ್ದು ಸೊಂಟ ಮುರಿದುಕೊಂಡ ಅಜ್ಜಿಗೆ ಮೊಮ್ಮಗಳ ಮದುವೆಗೆ ಹೋಗಲಾಗಿರಲಿಲ್ಲ. ಆದರೆ ಮದುಮಗಳ ಕರಿಮಣಿ ಸರವನ್ನು ಮಲಗಿದಲ್ಲೇ ಪೋಣಿಸಿಕೊಟ್ಟದ್ದು ಅವರೇ. ಈ ಮನೆತನದಲ್ಲಿ ಅವರಷ್ಟು ತಪ್ಪಿಲ್ಲದೆ ಕರಿಮಣಿ ಪೋಣಿಸುವವರು ಇಲ್ಲ ಎಂದು ನನಗೆ ತಿಳಿಸಿದವರೂ ಅವರೇ. ಆ ಸರ ಮೊಮ್ಮಗಳ ಕೊರಳಿಗೆ ಬೀಳುವುದನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬುದೊಂದೇ ಅವರ ಆಸೆ.

ಸರ ಕೊರಳಿಗೆ ಬಿತ್ತು. ಅಜ್ಜಿ ಕನ್ನಡಕ ಸರಿ ಮಾಡಿಕೊಂಡರು.

"ಎಂತ ಮಾರಾಯ ಇದು? ನಾನು ಕರಿಮಣಿ ಪೋಣಿಸಿದ್ದೋ, ಬೂದಿ ಉಂಡೆ ಪೋಣಿಸಿದ್ದೋ?"

ನಿಜಕ್ಕೂ ಬೂದಿಯೇ. ನಾನು ಬೆವರುತ್ತಾ ರಿಮೋಟು ಹಿಡಿದು ಟಿ.ವಿ.ಯ ಹೊಟ್ಟೆಯೊಳಗೆಲ್ಲ ಹುಡುಕಿದೆ. ಒಂದು ಮೂಲೆಯಲ್ಲಿ 'ಬ್ಲ್ಯಾಕ್ ಲೆವೆಲ್' ಸಿಕ್ಕಿತು. ಕಂಪ್ಯೂಟರಿನ ಲೆಕ್ಕದ 'ಹೈ' ಇದ್ದದ್ದನ್ನು ಟಿ.ವಿ.ಯ ಲೆಕ್ಕದ 'ಲೋ' ಮಾಡಿದೆ. ಫಲಿತಾಂಶ ನೋಡುವ ಮೊದಲೇ ಕರೆಂಟು ಹೋಯಿತು. ಸಂಜೆಯವರೆಗೆ ಕಾದರೂ ಬರಲಿಲ್ಲ. "ನಿನ್ನ ಹತ್ತಿರ ಕಪ್ಪು ಬಣ್ಣ ಮುಗಿದಿತ್ತೋ ಮಗಾ?" ಎಂದು ಅಜ್ಜಿ ಕತ್ತಲಲ್ಲೇ ಕೇಳಿದರು.

ಆ ಮಾತು ಎದೆಗೆ ನಾಟಿತು. ಕೋಣೆಗೆ ಮರಳಿ, ಮೊದಲು ಟಿ.ವಿ.ಯ ಲೆಕ್ಕಕ್ಕೆ ಮಾಡಿದ್ದ ಇಡೀ ಮದುವೆಯನ್ನು ಕಂಪ್ಯೂಟರಿನ ಲೆಕ್ಕಕ್ಕೆ, ಸೊನ್ನೆಯಿಂದಲೇ ಕಪ್ಪು ಶುರುವಾಗುವಂತೆ ಹೊಸದಾಗಿ ಎಡಿಟ್ ಮಾಡಿದೆ. ಎರಡು ದಿನ ಕಳೆದು ಗೆದ್ದವನ ಠೀವಿಯಲ್ಲಿ ಕಾರಡ್ಕಕ್ಕೆ ಹೋದೆ. ಈ ಬಾರಿ ಕರಿಮಣಿ ಕಪ್ಪಾಗಿತ್ತು. ಎಷ್ಟು ಕಪ್ಪೆಂದರೆ ಮಣಿಗಳೇ ಇರಲಿಲ್ಲ. ಮದುಮಗಳ ಕೊರಳಲ್ಲಿ ಒಂದು ಕಪ್ಪು ಹಗ್ಗ, ಅದರಲ್ಲಿ ಅಲ್ಲಲ್ಲಿ ಚಿನ್ನದ ಗುಂಡು.

"ನಾನು ಒಂದೊಂದೇ ಪೋಣಿಸಿದ್ದು," ಎಂದರು ಅಜ್ಜಿ. ಈ ಸಲ ಸ್ವರದಲ್ಲಿ ಗೇಲಿ ಇರಲಿಲ್ಲ. ನನಗೆ ಸಂಕಟವಾಯಿತು.

ಆಗ ತಲೆಗೆ ಹೊಳೆಯಿತು. ಅಂದು ಟಿ.ವಿ.ಯನ್ನೂ ರಿಪೇರಿ ಮಾಡಿದವನು ನಾನೇ, ಕೋಣೆಗೆ ಹೋಗಿ ವಿಡಿಯೋವನ್ನೂ ರಿಪೇರಿ ಮಾಡಿದವನು ನಾನೇ. ಒಂದೇ ಕಾಯಿಲೆಗೆ ಎರಡು ಕಡೆಯಿಂದ ಮದ್ದು ಕುಡಿಸಿದ್ದೆ. ಮೆಲ್ಲನೆ 'ಲೋ'ವನ್ನು ಮತ್ತೆ 'ಹೈ' ಮಾಡಿದೆ. ಕರಿಮಣಿ ಕಪ್ಪಾಗಿಯೇ ಉಳಿಯಿತು, ಒಂದೊಂದು ಮಣಿಯೂ ಬಿಡಿಬಿಡಿಯಾಗಿ ಎದ್ದು ಬಂತು. ಅಜ್ಜಿ ದಿಂಬಿನಿಂದ ಎದ್ದೇ ಬಿಡುವರೇನೋ ಎಂಬಷ್ಟು ಮುಂದೆ ಬಾಗಿದರು. ಕಣ್ಣು ತುಂಬಿತ್ತು. "ಅಲ್ಲಿಯೇ ಇದ್ದ ಹಾಗೆ ಆಯ್ತು ಮಗಾ" ಎಂದರು.

ಅಷ್ಟರಲ್ಲಿ ಅವರ ಮುಖ ಬದಲಾಯಿತು. "ನಿಲ್ಲಿಸು ನಿಲ್ಲಿಸು. ಎರಡು ಗುಂಡಿನ ಮಧ್ಯೆ ಮೂರು ಮಣಿ ಬರಬೇಕು. ಇಲ್ಲಿ ನಾಲ್ಕು ಉಂಟಲ್ಲ!"

ಶಾರದಕ್ಕ ನಕ್ಕರು. "ಯಾರು ಎಣಿಸ್ತಾರೆ ಅಮ್ಮಾ?"

"ಬಂದ್ಯೋಡಿನ ನಾದಿನಿ ಎಣಿಸ್ತಾಳೆ. ಆದಿತ್ಯವಾರ ಬರ್ತಾಳೆ." ಅಜ್ಜಿ ನನ್ನತ್ತ ತಿರುಗಿ ಸ್ವರ ತಗ್ಗಿಸಿದರು. "ಮಗಾ, ಆಗ ಹಗ್ಗದ ಹಾಗೆ ಕಂಡದ್ದು ಹೇಗೆ?"

ಇಷ್ಟು ವರ್ಷದಲ್ಲಿ ಗಿರಾಕಿಯೊಬ್ಬರು ನನ್ನ ತಪ್ಪನ್ನು ಕೇಳಿ ಪಡೆದದ್ದು ಅದೇ ಮೊದಲು. ರಿಮೋಟಿನ ದಾರಿ ತೋರಿಸಿಕೊಟ್ಟೆ: ಒಬ್ಬರೇ ಇದ್ದಾಗ 'ಹೈ', ನಾದಿನಿ ಬಂದಾಗ 'ಲೋ'. ನಾನು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು ಕಲಿತ ವಿದ್ಯೆಯನ್ನು ಅವರು ಒಂದು ಲೋಟ ಚಾ ಆರುವುದರೊಳಗೆ ಕಲಿತರು. ಹೊರಡುವಾಗ ಹಲಸಿನ ಹಪ್ಪಳದ ಕಟ್ಟು ನನ್ನ ಕೈಗೆ ಬಂತು. ನನ್ನ ಕಪ್ಪನ್ನು ಅಷ್ಟು ಶ್ರದ್ಧೆಯಿಂದ ನೋಡಿದವರು ಬೇರೆ ಯಾರಿದ್ದಾರೆ? ಬಸ್ಸಿನಲ್ಲಿ ಕುಳಿತು ಅವರನ್ನು ಕೃತಜ್ಞತೆಯಿಂದ ನೆನೆದೆ, ಈಗಲೂ ನೆನೆಯುತ್ತೇನೆ.

ಆದಿತ್ಯವಾರ ಸಂಜೆ ಅಜ್ಜಿಯೇ ಫೋನು ಮಾಡಿದರು. ನಾದಿನಿ ಬಂದು, ನೋಡಿ, ಹೊಗಳಿ, ಹೋದರಂತೆ.

"ಮತ್ತೆ ಮಗಾ, ಊಟದ ಹಾಲ್‌ನ ಕನ್ನಡಿಯಲ್ಲಿ ಕ್ಯಾಮರಾ ಹಿಡ್ಕೊಂಡು ನೀನೂ ಕಾಣ್ತಿ."

"ಹೌದಾ ಅಜ್ಜಿ?" ಎಂದೆ ಹಿಗ್ಗಿನಿಂದ.

"ಹೌದು. 'ಹೈ'ಯಲ್ಲಿ ನಿನ್ನ ತಲೆಯ ನರೆ ಎಲ್ಲ ಕಾಣ್ತದೆ. ನಾನು ಬೇಗ 'ಲೋ' ಮಾಡಿದೆ. ಈಗ ಅಡ್ಡಿಲ್ಲ, ಮದುಮಗನ ಹಾಗೆ ಇದ್ದಿ."