ಅತ್ತೆಯ ಬಳೆ, ಮಾವನ ಹಗೇವು

ಹಸಿರು ಗಾಜಿನ ಬಳೆ, ಎರಡು-ಆರರ ಅಳತೆಯದು. ಅದನ್ನು ಮಂಡ್ಯ ಜಿಲ್ಲೆಯ ನಕ್ಷೆಯ ಮೇಲಿಟ್ಟು ಸುತ್ತಲೂ ಪೆನ್ಸಿಲ್ ಎಳೆದಿದ್ದರು. ನಡುವೆ ಕನ್ನಂಬಾಡಿ ಕಟ್ಟೆ. ಬೆಳಗೊಳ, ಶ್ರೀರಂಗಪಟ್ಟಣ, ಗಂಜಾಂ, ಪಾಂಡವಪುರ ಎಲ್ಲ ಗೆರೆಯ ಒಳಗೆ. ನಾಗಮಂಗಲ, ಕೆ.ಆರ್. ಪೇಟೆ ಹೊರಗೆ. ಗೆರೆ ಮಾತ್ರ ನಮ್ಮ ಸೋದರಮಾವನ ದನದ ಕೊಟ್ಟಿಗೆಯ ಮೇಲೇ ಹಾದುಹೋಗಿತ್ತು.

ದೇಶದ ರಕ್ಷಣೆಯ ಹೊಣೆ ದೆಹಲಿಯಲ್ಲಿದೆ ಎಂದು ನೀವು ನಂಬಿದ್ದರೆ ಅದು ತಪ್ಪು ತಿಳಿವಳಿಕೆ. ಅದು ಪಾಂಡವಪುರದಿಂದ ಮೇಲುಕೋಟೆ ಕಡೆ ಹೋಗುವ ರಸ್ತೆಯ ಒಂದು ಹಳ್ಳಿಯಲ್ಲಿ, ಹಾಲಿನ ಡೈರಿಯ ಸೆಕ್ರೆಟರಿಯ ಹೆಗಲ ಮೇಲಿದೆ! ಆ ಸೆಕ್ರೆಟರಿಯೇ ನಮ್ಮ ಮಾವ. ಅಣುಬಾಂಬು ಬಿದ್ದರೆ ಮೊದಲು ಕಟ್ಟೆಗೇ ಬೀಳುತ್ತದೆ, ಬಳೆಯ ಒಳಗಿರುವುದೆಲ್ಲ ಬೂದಿ ಎಂಬುದು ಅವರ ಸಿದ್ಧಾಂತ. ಗೆರೆ ಎಳೆದ ದಿನವೇ ಕೊಟ್ಟಿಗೆಯ ಈ ತುದಿಯಲ್ಲಿದ್ದ ಹಸುವಿನ ಗೂಟ ಕಿತ್ತು ಆ ತುದಿಗೆ ನೆಟ್ಟರು.

"ನನ್ ಬಳೆ ಒಂದ್ ಸೈಜ್ ಚಿಕ್ಕುದ್ ಆಗಿದ್ರೆ ಊರೇ ಉಳ್ಕತಿತ್ತು," ಎಂದರು ಅತ್ತೆ.

ನಾನು ಪಾಂಡವಪುರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಓಡಾಡಲು ಹತ್ತಿರವೆಂದು ಮಾವನ ಮನೆಯಲ್ಲೇ ಇದ್ದೇನೆ. ಎಂ.ಎ.ಯಲ್ಲಿ ರಾಜ್ಯಶಾಸ್ತ್ರ ಓದಿ, ಅಣ್ವಸ್ತ್ರ ನೀತಿಯ ಮೇಲೆ ಒಂದು ಪ್ರಬಂಧವನ್ನೂ ಬರೆದಿದ್ದೆ. ಮಾರ್ಗದರ್ಶಕರನ್ನು ಬಿಟ್ಟರೆ ಅದನ್ನು ಪೂರ್ತಿ ಓದಿದ ಏಕೈಕ ವ್ಯಕ್ತಿ ಮಾವ. ಓದಿದ್ದು ಅವರ ತಪ್ಪೋ, ಬರೆದದ್ದು ನನ್ನ ತಪ್ಪೋ? "ಮೊದಲು ನಾವು ಹಾಕುವುದಿಲ್ಲ" ಎಂಬ ನೀತಿ ಅವರಿಗೆ ಬಹಳ ಹಿಡಿಸಿತು. ಗಂಡ ಹೆಂಡಿರ ಜಗಳಕ್ಕೂ ಅದನ್ನೇ ಘೋಷಿಸಿದರು. ಅತ್ತೆ ಇನ್ನೂ ಸಹಿ ಹಾಕಿಲ್ಲ.

ಬೆಳಿಗ್ಗೆ ಆರಕ್ಕೆ ಕ್ಯಾನು ಹಿಡಿದು ಸಾಲಾಗಿ ನಿಂತವರಿಗೆಲ್ಲ ಡೈರಿಯಲ್ಲಿ ಭದ್ರತೆಯ ಪಾಠ.

"ಪಕ್ಕದ ದೇಶದೋರ್ ತಾವ್ ಎಷ್ಟ್ ಅಣುಬಾಂಬ್ ಅವೆ ಗೊತ್ತೇನ್ಲಾ?"

"ಅದಂಗಿರ್ಲಿ ಸೆಕ್ರೆಟ್ರಿ, ನನ್ ಹಾಲಲ್ ಫ್ಯಾಟ್ ಎಷ್ಟ್ ಬಂತು ಯೇಳು," ಎನ್ನುತ್ತಿದ್ದವನು ಕೊನೇ ಮನೆಯ ಚಿಕ್ಕಣ್ಣ. ಮಾವನ ಜೊತೆ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವನು. ಅದಕ್ಕೇ ಆ ಸಲಿಗೆ.

"ನಿನ್ ಹಾಲಲ್ಲಿ ಫ್ಯಾಟ್ಗಿಂತ ಕಾವೇರಿನೇ ಜಾಸ್ತಿ ಅವ್ಳೆ, ಮುಂದುಕ್ ಓಗ್ಲಾ!"

ಇದನ್ನೆಲ್ಲ ಕೇಳಿ ನಾನೂ ನಗುತ್ತಿದ್ದೆ. ನಗು ನಿಂತದ್ದು ನಮ್ಮ ಪಂಚಾಯಿತಿಯಲ್ಲಿ ಅವಿಶ್ವಾಸ ಬಂದಾಗ. ಅಧ್ಯಕ್ಷರ ಕಡೆಯವರು ಒಂದು ವ್ಯಾನಿನಲ್ಲಿ, ವಿರೋಧಿಗಳು ಇನ್ನೊಂದು ವ್ಯಾನಿನಲ್ಲಿ ಎತ್ತಲೋ ಪ್ರವಾಸ ಹೋದರು. ಕುಡಿಯುವ ನೀರಿನ ಮೋಟಾರು ಕೆಟ್ಟಿತು. ರಿಪೇರಿ ಮಾಡಿಸಲು ಯಾರನ್ನು ಕೇಳಬೇಕೆಂದು ನೀರು ಬಿಡುವವನಿಗೆ ತಿಳಿಯದೆ ಮೂರು ದಿನ ನಲ್ಲಿ ಒಣಗಿತು. ಅದೇ ವಾರ ಟೀವಿಯಲ್ಲಿ ಸರ್ಕಾರ ಬೀಳುತ್ತದೆ, ಇಲ್ಲ ಉಳಿಯುತ್ತದೆ ಎಂದು ಬೆಳಗಿನಿಂದ ಸಂಜೆಯವರೆಗೆ ಕೂಗುತ್ತಿದ್ದರು.

ಮಾವ ಖಾಲಿ ಕೊಡ ಕೆಳಗಿಟ್ಟು ಕೇಳಿದರು: "ಅಲ್ಲ ಕಣವ್ವ, ಮೋಟ್ರು ಸ್ವಿಚ್ಚೇ ಇಂಗಾದ್ರೆ, ಆ ಬಾಂಬಿನ ಸ್ವಿಚ್ಚು? ಬಹುಮತ ಸಾಬೀತಾಗೋಗಂಟ ಅದು ಯಾರ್ ಕೈಲಿರ್ತದೆ?"

"ಅದಕ್ಕೆಲ್ಲ ವ್ಯವಸ್ಥೆ ಇರುತ್ತೆ ಮಾವ."

"ಒತ್ತಕ್ ಮುಂಚೆ ನಮ್ಮನ್ನೇನಾರ ಕೇಳ್ತಾರಾ?"

"ಇಲ್ಲ."

"ಗ್ರಾಮಸಭೇಲಿ ಚರಂಡಿಗೂ ಕೈ ಎತ್ತಿಸ್ತಾರೆ. ಇದ್ಕೆ ಎತ್ಸಕಿಲ್ವಾ?"

ನನ್ನ ಪ್ರಬಂಧದಲ್ಲಿ ಎಂಬತ್ತೆರಡು ಪುಟಗಳಿದ್ದವು. ಈ ಪ್ರಶ್ನೆಗೆ ಒಂದು ಸಾಲೂ ಇರಲಿಲ್ಲ.

ಕೇಳುವವರಿಲ್ಲದ ಮೇಲೆ ನಮ್ಮ ದಾರಿ ನಾವು ನೋಡಿಕೊಳ್ಳಬೇಕು ಎಂದು ಮಾವ ಅಂಗಳದ ಹಳೇ ಹಗೇವಿನ ಬಾಯಿ ತೆಗೆಸಿದರು. ಹಗೇವೆಂದರೆ ಹಿಂದಿನವರು ರಾಗಿ ತುಂಬಿಡುತ್ತಿದ್ದ ನೆಲದೊಳಗಿನ ಕಣಜ. ಬಾಯಿ ಕಿರಿದು, ಹೊಟ್ಟೆ ಅಗಲ. ಬಾಂಬಿಗೆ ಇದಕ್ಕಿಂತ ಒಳ್ಳೆಯ ನೆಲಮಾಳಿಗೆ ಬೇಕೇ? ಆದರೆ ಹಗೇವಿನಲ್ಲಿ ಕೆಟ್ಟ ಗಾಳಿ ನಿಲ್ಲುತ್ತದೆ. ಮೊದಲು ದೀಪ ಇಳಿಬಿಟ್ಟು ನೋಡಬೇಕು. ದೀಪ ಆರಿದರೆ ಮನುಷ್ಯ ಇಳಿಯಬಾರದು, ಇಳಿದವನು ಮೇಲೆ ಬರುವುದಿಲ್ಲ. ಮಾವ ಲಾಟೀನು ಇಳಿಬಿಟ್ಟರು. ಅದು ತಳ ಮುಟ್ಟುವ ಮೊದಲೇ ಆರಿತು.

"ಬಾಂಬಿಗ್ ಎದರಿ ಹಗೇವಲ್ ಸತ್ರು ಅಂತ ಜನ ಆಡ್ಕತಾರೆ. ಮುಚ್ಚಿ ಅದ್ನ!" ಎಂದರು ಅತ್ತೆ.

ಮುಚ್ಚಲಿಲ್ಲ. ಬೋರ್‌ವೆಲ್ಲಿನ ಹಳೆ ಪೈಪು ಇಳಿಸಿ, ಅದರ ಬಾಯಿಗೆ ರಾಗಿ ತೂರುವ ಫ್ಯಾನು ಕಟ್ಟಿದರು. ಫ್ಯಾನು ತಿರುಗಿದರೆ ಲಾಟೀನು ಉರಿಯುತ್ತಿತ್ತು, ನಿಂತರೆ ಆರುತ್ತಿತ್ತು.

"ಬಾಂಬ್ ಬಿದ್ ಮೇಲೆ ಕರೆಂಟ್ ಇರ್ತದಾ?" ಎಂದು ಅತ್ತೆ ಕೇಳಿದರು.

"ಬಿದ್ ಮೇಲೆ ಯಾಕೆ, ಈಗೇನ್ ಇದ್ದದಾ? ತ್ರೀ ಫೇಸ್ ಕರೆಂಟ್ ಬರೋ ಟೈಮ್ ನೋಡ್ಕಂಡೇ ಬಾಂಬ್ ಹಾಕ್ತಾರೆ ಬುಡು!" ಎಂದರು ಮಾವ.

ನಾನು ನಗಲಿಲ್ಲ. ಕಾಲೇಜಿನಲ್ಲಿ ಪಾಠ ಮಾಡುವಾಗಲೂ ಲೈಟು ಹೋದರೆ ನನಗೆ ಹಗೇವು ನೆನಪಾಗತೊಡಗಿತ್ತು.

ಕಬ್ಬಿಣದ ಮುಚ್ಚಳಕ್ಕೆಂದು ಪಾಂಡವಪುರದಿಂದ ವೆಲ್ಡಿಂಗ್ ಸಾಬರು ಬಂದರು. ಅಳತೆ ತೆಗೆದುಕೊಂಡು, "ಚಿಲ್ಕ ಒಳಗಿಂದನಾ ಹೊರಗಿಂದನಾ ಸೆಕ್ರೆಟ್ರಿ ಸಾಬ್?" ಎಂದು ಕೇಳಿದರು.

"ಒಳಗಿಂದ. ಇನ್ನೆಲ್ಲಿಂದ?"

"ಅಚ್ಛಾ. ನೀವು ಚಿಲ್ಕ ಹಾಕಿದ್ ಮೇಲೆ ಓಡಿ ಬಂದೋರು ಏನ್ ಮಾಡ್ಬೇಕು?"

ಮಾವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ಒಬ್ಬರೇ ಪಾಂಡವಪುರಕ್ಕೆ ಹೋಗಿ ಸಾಬರಿಗೆ ಏನೋ ಹೇಳಿ ಬಂದರು. ಏನೆಂದು ನಮಗೆ ಹೇಳಲಿಲ್ಲ. ಮುಚ್ಚಳ ಬಂತು, ಏಣಿಯೂ ಬಂತು.

ಅಷ್ಟರಲ್ಲಿ ಗಡಿಯ ಸುದ್ದಿ ನಿಜಕ್ಕೂ ಬಿಗಿಯಾಯಿತು. ನಗರಗಳಲ್ಲಿ ಸೈರನ್ ಹಾಕಿ ಅಭ್ಯಾಸ ಮಾಡಿಸುತ್ತಾರೆಂದು ಟೀವಿಯಲ್ಲಿ ಬಂತು. "ಪಟ್ಣದೋರ್ಗಷ್ಟೇಯಂತೆ. ಅಳ್ಳಿಯೋರ್ದು ಪ್ರಾಣ ಅಲ್ವಾ?" ಎಂದ ಮಾವ, ಶನಿವಾರ ನಾಲ್ಕು ಗಂಟೆಗೆ ನಮ್ಮೂರಿಗೂ ಅಭ್ಯಾಸ ಎಂದು ಡೈರಿಯ ಮೈಕಿನಲ್ಲಿ ಸಾರಿದರು.

ಶನಿವಾರ ನಾಲ್ಕಕ್ಕೆ ಸರಿಯಾಗಿ ಮೈಕು ಊಳಿಟ್ಟಿತು. ಮಾವ ಮೈಕಿಗೆ ಕಟ್ಟಿಟ್ಟ ಮೊಬೈಲಿನಲ್ಲಿ ಯಾವ ದೇಶದ ಸೈರನ್ ಹಿಡಿದಿದ್ದರೋ, ನಾಯಿಗಳೆಲ್ಲ ಜೊತೆಗೂಡಿದವು. ಚಿಕ್ಕಣ್ಣ ಡೈರಿಯ ಮುಂದೆ ಬೀಡಿ ಹಚ್ಚಿಕೊಂಡು ನಗುತ್ತಾ ನಿಂತಿದ್ದನಂತೆ. ನಾನು ಮನೆಯೊಳಗೆ ಉತ್ತರಪತ್ರಿಕೆ ತಿದ್ದುತ್ತಿದ್ದೆ. ತಲೆಯ ಮೇಲಿನ ಫ್ಯಾನು ನಿಧಾನವಾಗಿ ನಿಂತಿತು.

ಅತ್ತೆ ಅಡುಗೆಮನೆಯಿಂದ ಓಡಿ ಬಂದರು. "ಕರೆಂಟ್ ಓಯ್ತು ಕಣವ್ವ! ಮೈಕು ಬ್ಯಾಟ್ರಿದು, ಕೂಗ್ತಾ ಅದೆ. ನಿಮ್ಮಾವ ಎಲ್ಲಿ?"

ಅಂಗಳದಲ್ಲಿ ಮಾವ ಇರಲಿಲ್ಲ. ಹಗೇವಿನ ಮುಚ್ಚಳ ಹಾಕಿತ್ತು. ತೂರುವ ಫ್ಯಾನು ನಿಂತಿತ್ತು. ಒಳಗಿನಿಂದ ಚಿಲಕ ಹಾಕಿದ್ದರೆ ಕೀಳಲು ಹಾರೆ ಬೇಕು, ಹಾರೆ ಕೊಟ್ಟಿಗೆಯಲ್ಲಿದೆ, ಎಷ್ಟು ನಿಮಿಷ ಎಂದು ಲೆಕ್ಕ ಹಾಕುತ್ತಲೇ ಮುಚ್ಚಳಕ್ಕೆ ಕೈ ಹಾಕಿದೆ. ಒಂದೇ ಎಳೆತಕ್ಕೆ ಬಂತು! ಚಿಲಕವೇ ಇರಲಿಲ್ಲ. ಚಿಲಕ ಇರಬೇಕಾದ ಕಡೆ ಒಳಗೊಂದು, ಹೊರಗೊಂದು ಹಿಡಿ ಇತ್ತು, ಯಾರು ಬಂದರೂ ತೆಗೆಯುವ ಹಾಗೆ.

ಒಳಗೆ ಲಾಟೀನು ಆರಿತ್ತು. "ರೀ! ರೀ!" ಎಂದು ಅತ್ತೆ ಕತ್ತಲಿಗೆ ಕೂಗಿದರು. ನಾನು ಮೊಬೈಲಿನ ಬೆಳಕು ಬಿಟ್ಟೆ. ಚಾಪೆ. ನೀರಿನ ಬಿಂದಿಗೆ. ಅತ್ತೆಯ ಬಿ.ಪಿ. ಮಾತ್ರೆಯ ಡಬ್ಬಿ. ಅದರ ಮೇಲೆ, ಕಳೆದುಹೋಯಿತೆಂದು ನಾನು ಕೈಬಿಟ್ಟಿದ್ದ ಹಳೆಯ ಕನ್ನಡಕ, ಮುರಿದ ಕಡ್ಡಿಯನ್ನು ಅಂಟಿಸಿ ಇಟ್ಟಿದ್ದರು. ಮಾವ ಇರಲಿಲ್ಲ.

ಆಗ ಬೀದಿಯ ಕಡೆಯಿಂದ ಒಂದು ಮುದಿ ಕಂಠ ಸೈರನ್ನನ್ನೂ ಮೀರಿಸಿ ಕೇಳಿಸಿತು. "ಅಯ್ಯಯ್ಯೋ, ನನ್ನ ಜೀವಂತ ಹೂಳಕ್ ಒತ್ಕಂಡೋಯ್ತಾವ್ನೆ! ಬುಡ್ಸ್ರಪ್ಪೋ!"

ಮಾವ ಬರುತ್ತಿದ್ದರು. ಬೆನ್ನ ಮೇಲೆ ಚಿಕ್ಕಣ್ಣನ ತಾಯಿ, ಅವರ ಬೆನ್ನಿಗೇ ಗುದ್ದುತ್ತಾ. ಹಿಂದೆ ಚಿಕ್ಕಣ್ಣ: "ಲೇ ಸೆಕ್ರೆಟ್ರಿ, ನಮ್ಮವ್ವನ್ನ ಇಳ್ಸ್ಲಾ!"

ಮಾವ ಆಕೆಯನ್ನು ನಮ್ಮ ಜಗುಲಿಯ ಮೇಲೆ ಕೂರಿಸಿ, ಏದುಸಿರು ಬಿಡುತ್ತಾ ಹೇಳಿದರು: "ಊರಿಗೆಲ್ಲ ಸೈರನ್ ಕೇಳ್ತದೆ ಕಣ್ಲಾ. ಇವ್ಳಿಗ್ ಕಿವಿ ಕೇಳಕಿಲ್ಲ. ನೀನು ಬೀಡಿ ಸೇದ್ತಾ ಅಲ್ಲಿ ನಿಂತಿರ್ತೀಯ. ನಿಜವಾಗ್ಲೂ ಬಿದ್ ದಿನ ಇವ್ಳಿಗ್ ಯಾರ್ಲಾ ಯೇಳೋರು?"

ಚಿಕ್ಕಣ್ಣ ಬೀಡಿ ಬಿಸಾಕಿದ. ಅವನ ತಾಯಿ ಜಗುಲಿಯಿಂದಿಳಿದು ಬಂದು ಹಗೇವಿನೊಳಗೆ ಇಣುಕಿ, ಏಣಿ ನೋಡಿ, "ಈ ಮಂಡಿಲಿ ಇದ್ನ ಇಳಿಯಕ್ಕಾಯ್ತದಾ? ನೀನೇ ಇಳ್ಕೋ," ಎಂದು ಮಾವನಿಗೆ ಇನ್ನೊಂದು ಗುದ್ದು ಕೊಟ್ಟಳು.

ಮರುದಿನ ಬೆಳಿಗ್ಗೆ ಮಾವ ಡೈರಿಯಲ್ಲಿದ್ದಾಗ ನಾನು ಲಾಟೀನು ಹಚ್ಚಿ, ಹಗ್ಗಕ್ಕೆ ಕಟ್ಟಿ, ಫ್ಯಾನು ಹಾಕದೆಯೇ ಹಗೇವಿಗೆ ಇಳಿಬಿಟ್ಟೆ. ನಲವತ್ತು ಎಣಿಸುವಷ್ಟರಲ್ಲಿ ಆರಿತು. ಟೇಪು ಹಿಡಿದು, ಮೇಲಿನಿಂದಲೇ ಏಣಿಯ ಮೆಟ್ಟಿಲುಗಳ ನಡುವಿನ ಅಂತರ ಅಳೆದು ಚೀಟಿಯಲ್ಲಿ ಬರೆದುಕೊಂಡೆ. ಮೊದಲ ಬಸ್ಸಿಗೆ ಪಾಂಡವಪುರಕ್ಕೆ ಹೋಗಿ, ಅಂಗಡಿ ತೆಗೆಯುವ ತನಕ ಕಾದು ಸಾಬರಿಗೆ ಚೀಟಿ ಕೊಟ್ಟೆ. ಕೆಟ್ಟ ಗಾಳಿ ತಾನಾಗಿ ಹೊರಹೋಗಲು ಇನ್ನೂ ಎರಡು ಪೈಪು, ಏಣಿಗೆ ನಡುನಡುವೆ ಐದು ಮೆಟ್ಟಿಲು.

"ಇಷ್ಟ್ ಹತ್ರ ಹತ್ರ ಮೆಟ್ಲು ಯಾರಿಗಮ್ಮಾ?" ಎಂದರು ಸಾಬರು.

"ಮಂಡಿ ನೋವಿರೋರಿಗೆ," ಎಂದು ಹೇಳಿ, ಅವರು ಮೊದಲ ಸರಳು ಕತ್ತರಿಸುವವರೆಗೂ ಅಲ್ಲೇ ನಿಂತಿದ್ದೆ.