ಬಹುಮಾನ ಬಂದ ಸೈಕಲ್ಲಿನ ಗಿಡ್ಡ ಕ್ರ್ಯಾಂಕ್ ಕುರಿತು

ಗೋಕಾಕದ ಪ್ರಾಚೀನ ಸೈಕಲ್ ಸಂರಕ್ಷಣಾ ಮಂಡಳಿಯ ಘನ ಅಧ್ಯಕ್ಷರಿಗೆ, ಘೋಡಗೇರಿಯ ತೋಟದ ಶಾಲೆಯ ಶಿಕ್ಷಕಿ ಆರತಿ ನಿಂತುಕೊಂಡೇ ಮಾಡುವ ನಮಸ್ಕಾರಗಳು. ಕೂತರೆ ಏಳುವುದು ಕಷ್ಟವಾಗಿದೆ.

ಮಾನ್ಯರೇ,

ತಾವು ನಮ್ಮೂರಿಗೆ ದಯಮಾಡಿಸಿ ನಡೆಸಿದ ಪ್ರದರ್ಶನದಲ್ಲಿ, ನನ್ನ ಅಜ್ಜ ಬಟ್ಟೆಗಂಟು ಹೇರಿಕೊಂಡು ಊರೂರು ತಿರುಗುತ್ತಿದ್ದ ಸೈಕಲ್ಲಿಗೆ ಮೊದಲ ಬಹುಮಾನ ದಯಪಾಲಿಸಿದ್ದೀರಿ. ವೇದಿಕೆಯ ಮೇಲೆ ತಾವು ನನಗೆ ಶಾಲು ಹೊದಿಸಿ, ಹಾರ ಹಾಕಿ, ಕೈಗೆ ತೆಂಗಿನಕಾಯಿ ಕೊಟ್ಟು ಸತ್ಕರಿಸುತ್ತಿದ್ದಾಗ, ಕೆಳಗೆ ತಮ್ಮ ತಜ್ಞರು ಪೆಡಲ್ ಹಿಡಿದಿದ್ದ ಎರಡೂ ಕ್ರ್ಯಾಂಕ್ ಬಡಿದು ಬಿಚ್ಚಿ, ಅಜ್ಜನ ಕಾಲದ ಏಳಿಂಚಿನ ಜೋಡಿ ಕೂರಿಸಿದರು. ಚಪ್ಪಾಳೆಯ ಗದ್ದಲದಲ್ಲಿ ಸುತ್ತಿಗೆಯ ಸದ್ದು ನನಗೆ ಕೇಳಿಸಲೇ ಇಲ್ಲ.

ನಕಲಿ ಎಂದು ಅವರು ಜಪ್ತಿ ಮಾಡಿಕೊಂಡು ಹೋದ ಆರಿಂಚಿನ ಜೋಡಿಗೆ ಯಾವ ಇತಿಹಾಸವೂ ಇಲ್ಲವೆಂದು ಒಪ್ಪುತ್ತೇನೆ. ಹೋದ ವರ್ಷ ಬಿದ್ದ ಮೇಲೆ ನನ್ನ ಬಲ ಮೊಣಕಾಲು ಪೂರ್ತಿ ಮಡಚುವುದಿಲ್ಲ. ಸೈಕಲ್ ರಿಪೇರಿಯ ಭೀಮಶಿ ನನ್ನಿಂದ ನಾಲ್ಕು ಸುತ್ತು ಹೊಡೆಸಿ ನೋಡಿ, “ಅಕ್ಕೋರ, ಪೆಡಲ್ ಮ್ಯಾಲ ಬಂದಾಗ ಕಾಲು ಬಾಳ ಮಡಚಾಕತ್ತೈತ್ರಿ, ಗಿಡ್ಡ ಕ್ರ್ಯಾಂಕ್ ಹಾಕಿ ಕೊಡ್ತೇನಿ” ಎಂದು, ಮಕ್ಕಳ ಸೈಕಲ್ಲಿನದೊಂದು ಜೋಡಿ ಹುಡುಕಿ, ಪಿನ್ನನ್ನು ಅರದಿಂದ ತಿಕ್ಕಿ ತಿಕ್ಕಿ ಕೂರಿಸಿದ್ದ. ಹಳೆಯ ಬಿಡಿಭಾಗಗಳ ಪಾವಿತ್ರ್ಯ ಅವನಿಗೆ ತಿಳಿಯದು. ಪಾಪ, ಅವನು ಬರೀ ನನ್ನ ಕಾಲು ನೋಡಿದ.

ಈಗ ತಮ್ಮ ಕೃಪೆಯಿಂದ ಸೈಕಲ್ ನೂರಕ್ಕೆ ನೂರು ಅಪ್ಪಟವಾಗಿದೆ. ಅದನ್ನು ತುಳಿಯಲು ಹೋದರೆ ಅರ್ಧ ಸುತ್ತಿಗೇ ಮೊಣಕಾಲು ಜೀವ ಹಿಂಡುತ್ತದೆ ಎಂಬುದೊಂದೇ ಕೊರತೆ. ತೋಟದ ದಾರಿಗೆ ಬಸ್ಸಿಲ್ಲ. ಎಂಟು ದಿನದಿಂದ ಮೂರು ಮೈಲಿ ಕುಂಟುತ್ತ ನಡೆದು, ಪ್ರಾರ್ಥನೆ ಮುಗಿದ ಮೇಲೆ ಶಾಲೆ ಮುಟ್ಟುತ್ತಿದ್ದೇನೆ. ತಡವಾಗಿ ಬಂದ ಮಕ್ಕಳನ್ನು ಗದರಿಸುವ ಮುಖವೂ ನನಗೆ ಉಳಿದಿಲ್ಲ. ನನಗೆ ವಿಪರೀತ ಸಿಟ್ಟು ಬಂದಿದೆ ಎಂಬುದನ್ನು ವಿನಯಪೂರ್ವಕವಾಗಿ ತಿಳಿಸುತ್ತೇನೆ.

ಆದಕಾರಣ ಆ ಗಿಡ್ಡ ಜೋಡಿಯನ್ನು ಮರಳಿಸುವ ಕೃಪೆ ಮಾಡಬೇಕು. ಅದು ಮಂಡಳಿಯ ನಿಯಮಕ್ಕೆ ವಿರುದ್ಧವಾದರೆ, ತಮ್ಮ ಸಂಗ್ರಹದಲ್ಲಿ ಅಜ್ಜನ ಕಾಲದ್ದೇ ಆದ, ಹೆಚ್ಚು ಸವೆಯದ ಬಲ ಮೊಣಕಾಲೊಂದಿದ್ದರೆ ತಜ್ಞರ ಕೈಯಿಂದ ಕೂರಿಸಿಕೊಡಬೇಕು. ಮತ್ತೊಮ್ಮೆ ಸತ್ಕಾರ ಮಾತ್ರ ಬೇಡ.

ಬಹುಮಾನ ಪಡೆದು ಪಾದಚಾರಿಯಾದ,
ತಮ್ಮ ವಿಶ್ವಾಸಿ,
ಆರತಿ

ವಿ.ಸೂ.: ಅಂದು ಪ್ರದರ್ಶನಕ್ಕೆ ತುಳಿದುಕೊಂಡು ಬಂದ ಸೈಕಲ್ ನನ್ನದೊಂದೇ, ತಮ್ಮದೂ ಸೇರಿ ಉಳಿದವೆಲ್ಲ ಟೆಂಪೊದಲ್ಲಿ ಬಂದಿದ್ದವು. ಕ್ರ್ಯಾಂಕ್ ಕೊಡಲಾಗದಿದ್ದರೆ ಆ ಟೆಂಪೊವನ್ನೇ ದಿನಾ ಮುಂಜಾನೆ ಒಂಬತ್ತಕ್ಕೆ ನಮ್ಮ ಮನೆಗೆ ಕಳುಹಿಸಿ.